ಕೊಯ್ಯೆಂದು ಹೇಳಲಾರದ ತಮ್ಮ

ನೊಂಗ್ ಸಿಂ ಊರು
ಆಗಸ್ಟ್ 20, ಬೌದ್ಧ ಶಕೆ 2566

ಪೂಜ್ಯ ಖಂತಿಧಮ್ಮ ಭಿಕ್ಷುಗಳ ಪಾದಕ್ಕೆ ಅಕ್ಕ ಬುವಾಲೈ ಮೂರು ಸಲ ಹಣೆ ಮುಟ್ಟಿಸಿ ಬರೆಯುವುದು.

ಈ ಒಂದು ಸಾಲಿಗೇ ಅರ್ಧ ಗಂಟೆ ಹಿಡಿಯಿತು. ಹೋದ ತಿಂಗಳವರೆಗೆ 'ಲೋ ಪನ್, ಇದ್ದಿಲು ತಾರೋ' ಎಂದು ಕೂಗುತ್ತಿದ್ದ ಬಾಯಿ ಇದು. ಈಗ 'ತಾವು' ಎನ್ನಬೇಕು. ನಾಲಿಗೆ ಹೊರಳಿದರೂ ಪೆನ್ನು ಹೊರಳುವುದಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಬೆಟ್ಟ ಹತ್ತಿ ಹದಿನೆಂಟು ದಿನವಾಯಿತು. ಅಪ್ಪ ಚೆನ್ನಾಗಿದ್ದಾನೆ. ಊರಿಗೆಲ್ಲ ಒಂದೇ ಮಾತು ಹೇಳುತ್ತಾನೆ: 'ನಮ್ ಹುಡುಗ ಮೂರು ತಿಂಗಳ ಮಳೆಗಾಲ ಪೂರ್ತಿ ಕೂತ್ಕೋತಾನೆ ಕಣ್ರೋ. ನಿಮ್ ಮಕ್ಕಳ ಹಾಗೆ ಹದಿನೈದು ದಿನಕ್ಕೆ ಕಾವಿ ಬಿಚ್ಚಿ ಬಿಯರ್ ಕುಡಿಯೋಕೆ ಬರಲ್ಲ.' ಇದನ್ನು ಅಪ್ಪ ಕಿವುಡ ಪೋಸ್ಟ್‌ಮ್ಯಾನ್‌ಗೂ ಎರಡು ಸಲ ಹೇಳಿದ. ಹೊಟ್ಟೆಯ ನೋವು ಇದ್ದ ಹಾಗೇ ಇದೆ. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಹೇಳಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ಮಲಗುವಾಗ ವೈದ್ಯ ಖಿಯೇನ್ ತಾತ ಹೋದ ವರ್ಷದ ಗಾಂಜಾ ಹೂವಿನಿಂದ ಕಾಯಿಸಿಕೊಟ್ಟ ಎಣ್ಣೆ ಮೂರು ಹನಿ ನಾಲಿಗೆ ಕೆಳಗೆ ಬಿಟ್ಟರೆ ಬೆಳಗಿನವರೆಗೆ ನಿದ್ದೆ. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚಿದೆ.

ಇನ್ನು ನಿಮ್ಮ ಗಾಂಜಾ ಗಿಡದ ವಿಷಯ. ಒಡೆದ ಮಳೆನೀರಿನ ಬಾನಿಯಲ್ಲಿ ನೀವು ನೆಟ್ಟದ್ದು ಈಗ ನನ್ನ ಹೆಗಲಿನಷ್ಟಾಗಿದೆ. ಗೆಣ್ಣು ಗೆಣ್ಣಿನಲ್ಲಿ ಬಿಳಿ ಕೂದಲು ಎರಡೆರಡು ಕಾಣಿಸಿವೆ. ಹೆಣ್ಣೇ. ಖಿಯೇನ್ ತಾತ ಕನ್ನಡಕ ಹಾಕಿಕೊಂಡು ನೋಡಿ ಒಪ್ಪಿದ. ನೀವು ಬರೆದಿಟ್ಟು ಹೋದ ಪುಸ್ತಕ ಬಾಯಿಪಾಠವಾಗಿದೆ: ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ ಒಣಗಿದ್ದರೆ ಮಾತ್ರ ನೀರು, ಹೂವಿನ ಮೇಲೆ ನೀರು ಬೀಳಬಾರದು, ಕತ್ತಲಾದ ಮೇಲೆ ಅದರ ಮೇಲೆ ದೀಪ ಬೀಳಬಾರದು. ಅಡುಗೆಮನೆಯ ಹಿಂದಿನ ದೀಪವನ್ನು ಕಳಚಿಯೇ ಇಟ್ಟಿದ್ದೇನೆ. ಪಾತ್ರೆ ತೊಳೆಯುವುದು ತಡಕಾಡಿಕೊಂಡು.

ಕೊನೆಯ ಪುಟದಲ್ಲಿ 'ಕೊಯ್ಯುವುದು ಯಾವಾಗ, ಹೇಗೆ ಎಂಬುದನ್ನು ಅಲ್ಲಿಂದ ಪತ್ರದಲ್ಲಿ ಬರೆಯುತ್ತೇನೆ' ಎಂದಿದ್ದೀರಿ. ಮರೆಯಬೇಡಿ. ನನಗೆ ಕೋಳಿ ಸುಡುವುದು ಗೊತ್ತು, ಪಪ್ಪಾಯಿ ಕುಟ್ಟುವುದು ಗೊತ್ತು. ಇದು ಗೊತ್ತಿಲ್ಲ. ಕೆಳಗಿನ ಎಲೆ ನಾಲ್ಕು ಹಳದಿಯಾಗಿವೆ. ಕೀಳಲೇ?

ಪಕ್ಕದ ಮನೆಯ ಸೀಡಾ ಚಿಕ್ಕಮ್ಮ ಕೋಳಿ ಸಾರಿಗೆ ಹಾಕಲು ಎಲೆ ಕೇಳಿದಳು. 'ಗಿಡ ಭಿಕ್ಷುಗಳದ್ದು, ಮುಟ್ಟಿದರೆ ಪಾಪ' ಎಂದುಬಿಟ್ಟೆ.

ಅಕ್ಕ ಬುವಾಲೈ


ಬೆಟ್ಟದ ವಿಹಾರ, ಲೋಯಿ
ಆಗಸ್ಟ್ 29

ಉಪಾಸಿಕೆ ಅಕ್ಕನಿಗೆ,

ನಿಮ್ಮ ಪತ್ರವನ್ನು ವಿಹಾರದ ಪಾರುಪತ್ಯಗಾರರು ಅಕ್ಕಿ ಮೂಟೆಯ ಜೊತೆ ತಂದುಕೊಟ್ಟರು. ಇಲ್ಲಿ ಫೋನಿನ ಸಿಗ್ನಲ್ ಇಲ್ಲ, ಇದ್ದರೂ ಗುರುಗಳು ಮುಟ್ಟಲು ಬಿಡುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಗಂಟೆ ಬಾರಿಸುತ್ತಾರೆ. ಒಂದೇ ಹೊತ್ತು ಊಟ. ಮೊದಲ ವಾರ ನಿಮ್ಮ ಸುಟ್ಟ ಕೋಳಿಯ ಕನಸು ಬಿತ್ತು. ಈಗ ಕನಸಿನಲ್ಲಿ ಬರೀ ಅಂಟಕ್ಕಿ ಅನ್ನ ಬರುತ್ತದೆ. ಇದು ಸಾಧನೆಯೆಂದು ಗುರುಗಳಿಗೆ ಹೇಳಿದೆ, ನಕ್ಕರು.

ಗಿಡ ಹೆಣ್ಣೆಂದು ಓದಿ ಸಂತೋಷವಾಯಿತು. ಹಳದಿ ಎಲೆ ತಾನಾಗಿ ಒಣಗಿ ಉದುರುತ್ತದೆ. ಉದುರಿದ್ದನ್ನು ಬಾನಿಯ ಮಣ್ಣಿನ ಮೇಲೆ ಬಿಡದೆ ಗುಡಿಸಿಬಿಡಿ, ಹುಳ ಸೇರುತ್ತದೆ. ಮಳೆ ಹಿಡಿದರೆ ಬಾನಿಯನ್ನು ಸೂರಿನ ಕೆಳಗೆ ತನ್ನಿ, ಬಿಸಿಲು ಬಂದರೆ ಹೊರಗೆ. ಮಳೆಯ ಮರುದಿನ ಕೊಂಬೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೀರು ಇಳಿಸಿ. ಭಾರಕ್ಕೆ ಬಾಗಿದ ಕೊಂಬೆಗೆ ಬಿದಿರು ಕಡ್ಡಿ ಊರಿ ಆಸರೆ ಕೊಡಿ. ಕೋಳಿ ಸುಡುವ ಹೊಗೆ ಹೂವಿಗೆ ತಾಗದಿರಲಿ.

ಬೇರೆ ವಿಷಯ ಕಾಲಕಾಲಕ್ಕೆ ಬರೆಯುತ್ತೇನೆ. ನಾನು ಬರೆದದ್ದನ್ನು ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳಿ.

ಅಪ್ಪನ ನಿದ್ದೆಯ ಬಗ್ಗೆ ಪ್ರತಿ ಪತ್ರದಲ್ಲೂ ತಿಳಿಸಿ. ಬೆಳಗ್ಗೆ ಪಠಣ ಮುಗಿದಾಗಲೆಲ್ಲ ಪುಣ್ಯದಲ್ಲಿ ಅಪ್ಪನ ಪಾಲು ಮೊದಲು ಎತ್ತಿಡುತ್ತೇನೆ, ನಿಮ್ಮದು ಎರಡನೆಯದು.

ಖಂತಿಧಮ್ಮ


ನೊಂಗ್ ಸಿಂ
ಸೆಪ್ಟೆಂಬರ್ 8

ಪೂಜ್ಯರಿಗೆ ಅಕ್ಕನ ನಮಸ್ಕಾರ.

ಆರು ದಿನದಿಂದ ಮಳೆ ನಿಂತಿಲ್ಲ. ಮೆಕಾಂಗ್ ನದಿ ಏಳನೆಯ ಮೆಟ್ಟಿಲಿನವರೆಗೆ ಏರಿದೆ. ಬಾನಿ ಎಳೆದು ಎಳೆದು ನನ್ನ ಸೊಂಟ ಬಿದ್ದುಹೋಯಿತು. ಆಮೇಲೆ ಬುದ್ಧಿ ಓಡಿತು. ಕೋಳಿ ಮಾರುವ ತಳ್ಳುಗಾಡಿಯ ಮೇಲಿನ ಒಲೆ ಇಳಿಸಿ, ನಾಲ್ಕು ಜನರನ್ನು ಕರೆದು ಬಾನಿಯನ್ನೇ ಅದರ ಮೇಲೆ ಏರಿಸಿದೆ. ಈಗ ಬಿಸಿಲು ಇಣುಕಿದರೆ ಹೊರಗೆ ತಳ್ಳುತ್ತೇನೆ, ಮೋಡ ಕವಿದರೆ ಒಳಗೆ ತಳ್ಳುತ್ತೇನೆ. ದಿನಕ್ಕೆ ಹತ್ತು ಸಲ. ಸೀಡಾ ಚಿಕ್ಕಮ್ಮ ಬೇಲಿಯ ಮೇಲಿಂದ ಕೂಗುತ್ತಾಳೆ: 'ಏನೇ ಬುವಾಲೈ, ಗಂಡನ್ನ ಒಂದು ದಿನ ಹೀಗೆ ತಳ್ಳಿಕೊಂಡು ತಿರುಗಿದ್ದರೆ ಓಡಿಹೋಗ್ತಿದ್ನೇನೆ?' ನಾನಂದೆ, 'ಅವನ್ನ ತಳ್ಳಿದ್ದಕ್ಕೇ ಓಡಿಹೋದದ್ದು.'

ಈಗ ನಗುವ ವಿಷಯವಲ್ಲ. ನಿನ್ನೆ ನೆತ್ತಿಯಿಂದ ಎರಡನೆಯ ಕೊಂಬೆಯಲ್ಲಿ ಒಂದು ಹೂಗೊಂಚಲು ಬೂದಿ ಬಣ್ಣಕ್ಕೆ ತಿರುಗಿದೆ. ನನ್ನ ಹೆಬ್ಬೆರಳಿನಷ್ಟು. ಮುಟ್ಟಿದರೆ ಹಿಟ್ಟು ಹಾರಿದ ಹಾಗೆ ಹಾರಿತು. ವಾಸನೆ ಒದ್ದೆ ಗೋಣಿಚೀಲದ್ದು. ಏನು ಮಾಡಲಿ? ಪುಸ್ತಕದಲ್ಲಿ ಇದರ ಬಗ್ಗೆ ಇಲ್ಲ. ಖಿಯೇನ್ ತಾತನಿಗೆ ಎಣ್ಣೆ ಕಾಯಿಸುವುದು ಗೊತ್ತು, ಗಿಡ ಗೊತ್ತಿಲ್ಲ. 'ಬೆಳೆಸಿದವನನ್ನ ಕೇಳು' ಎನ್ನುತ್ತಾನೆ. ಬೇಗ ಬರೆಯಿರಿ.

ಹಾಗೆಯೇ, ಕೊಯ್ಲು ಇನ್ನು ಎಷ್ಟು ದಿನ? ತುಸು ಮೊದಲೇ ಕೊಯ್ದರೆ ಏನಾಗುತ್ತದೆ? ಸುಮ್ಮನೆ ಕೇಳಿದೆ.

ಅಪ್ಪ ಚೆನ್ನಾಗಿದ್ದಾನೆ. ಬೆಳಗ್ಗೆ ಅಂಟಕ್ಕಿ ಅನ್ನ, ಒಣಮೀನು ತಿಂದ. ಎಣ್ಣೆ ಇದೆ.

ಬುವಾಲೈ


ಬೆಟ್ಟದ ವಿಹಾರ
ಸೆಪ್ಟೆಂಬರ್ 16

ಉಪಾಸಿಕೆ ಅಕ್ಕನಿಗೆ,

ತಳ್ಳುಗಾಡಿಯ ಉಪಾಯ ಓದಿ ಪಕ್ಕದ ಕುಟೀರದ ಭಿಕ್ಷು ಕೇಳುವಷ್ಟು ಜೋರಾಗಿ ನಕ್ಕೆ.

ಬೂದಿ ಬಣ್ಣದ ಗೊಂಚಲು: ಅದನ್ನು ತಿಳಿದುಕೊಳ್ಳಿ, ಅಕ್ಕ. ಆ ಬೂದಿ ಗಾಳಿಯಲ್ಲಿ ಹಾರಿ ಪಕ್ಕದ ಹೂವಿಗೆ ಹತ್ತುತ್ತದೆ. ಅದು ಒಳ್ಳೆಯ ಹೂಗಳ ಜೊತೆಗಿರುವುದು ಒಳ್ಳೆಯದಲ್ಲ. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಗಿಡದ ಸುತ್ತ ಗಾಳಿ ಆಡಲಿ, ಗೋಡೆಗೆ ಒತ್ತಿ ನಿಲ್ಲಿಸಬೇಡಿ.

ಕೊಯ್ಲಿನ ಮಾತು ಕೇಳಿದ್ದೀರಿ. ಈಗ ಹೂವಿನ ಕೂದಲು ಬೆಳ್ಳಗೆ, ನೆಟ್ಟಗೆ ಇವೆ. ನೂರರಲ್ಲಿ ಎಪ್ಪತ್ತು ಕಂದು ಬಣ್ಣಕ್ಕೆ ತಿರುಗಿ ಒಳಕ್ಕೆ ಸುರುಳಿಕೊಳ್ಳಬೇಕು. ಹೂವಿನ ಮೇಲಿನ ಅಂಟು ಹನಿಗಳು ನೀರಿನಂತಿರುವುದು ಹೋಗಿ ಗಂಜಿಯಂತೆ ಮಸುಕಾಗಬೇಕು. ಅದಕ್ಕೆ ಇನ್ನೂ ಐದು ವಾರ ಬೇಕು. ಅದಕ್ಕೆ ಮೊದಲು ಎಣ್ಣೆಗೆ ಬಲ ಬರುವುದಿಲ್ಲ. ಕಾಯಿರಿ. ಚಿಕ್ಕಂದಿನಿಂದಲೂ ನಿಮಗೆ ಅನ್ನದ ಬುಟ್ಟಿಯಲ್ಲಿ ಹಬೆ ಏಳುವ ಮೊದಲೇ ಮುಚ್ಚಳ ತೆಗೆದು ನೋಡುವ ಚಟ. ಅರೆಬೆಂದ ಅನ್ನ ತಿಂದದ್ದು ನಾನೂ ಅಪ್ಪನೂ. ಆತುರವೂ ಒಂದು ಬಗೆಯ ಆಸೆಯೇ ಎಂದು ಗುರುಗಳು ನಿನ್ನೆಯ ಪ್ರವಚನದಲ್ಲಿ ಹೇಳಿದರು. ನನಗೆ ನಿಮ್ಮ ನೆನಪಾಯಿತು.

ಬಾಟಲಿಯಲ್ಲಿ ಎಣ್ಣೆ ಇರುವಾಗ ಭಯವೇಕೆ?

ಖಂತಿಧಮ್ಮ


ನೊಂಗ್ ಸಿಂ
ಸೆಪ್ಟೆಂಬರ್ 25

ತಿಳಿದುಕೊಂಡೆ.

ದಿನಾ ಬೆಳಗ್ಗೆ ಎದ್ದು, ಮುಖ ತೊಳೆದು, ಗಿಡದ ಮುಂದೆ ನಿಂತು ಆ ಬೂದಿ ಗೊಂಚಲನ್ನು ತಿಳಿದುಕೊಂಡೆ. ಸಂಜೆ ಇನ್ನೊಂದು ಸಲ. ನನ್ನ ತಮ್ಮ ಭಿಕ್ಷುವಾಗಿದ್ದಾನೆ, ಅವನು ತಿಳಿದುಕೊಳ್ಳಿ ಎಂದರೆ ಏನೋ ದೊಡ್ಡ ಅರ್ಥ ಇರಬೇಕು, ಅನಿತ್ಯವನ್ನು ನೋಡು ಎನ್ನುತ್ತಿದ್ದಾನೆ ಎಂದುಕೊಂಡೆ. ಕಣ್ಣು ಮುಚ್ಚಿ ಕೈಮುಗಿದೂ ನೋಡಿದೆ. ಮೂರನೆಯ ದಿನ ಗೊಂಚಲು ಎರಡಾಯಿತು. ಐದನೆಯ ದಿನ ಇಡೀ ಕೊಂಬೆ.

ಆಗ ಊರ ವಿಹಾರಕ್ಕೆ ಓಡಿ ನಿಮ್ಮ ಪತ್ರವನ್ನು ಮುದಿ ಭಿಕ್ಷುಗಳ ಮುಂದೆ ಇಟ್ಟೆ. ಓದಿ ಅಡಿಕೆ ರಸ ನೆತ್ತಿಗೇರುವಂತೆ ನಕ್ಕರು. 'ಅಯ್ಯೋ ಹುಚ್ಚಿ, ಅದು ಕಿತ್ತು ಬಿಸಾಕು ಅಂತ ಕಣೆ! ಭಿಕ್ಷು ಆದೋನು ಹಸಿರು ಗಿಡ ಕೊಯ್ಯೋ ಹಾಗಿಲ್ಲ, ಕೊಯ್ಯಿ ಅಂತ ಇನ್ನೊಬ್ಬರಿಗೆ ಹೇಳೋ ಹಾಗೂ ಇಲ್ಲ. ಹೇಳಿದ್ರೆ ದೋಷ. ಅದಕ್ಕೇ ಇದನ್ನ ತಿಳ್ಕೋ, ಅದನ್ನ ನೋಡ್ಕೋ ಅಂತೀವಿ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ನಮ್ಮ ಊರ ಹುಡುಗರು ಯಾರೂ ಅಷ್ಟು ಪಾಲಿಸಲ್ಲ. ನಿನ್ನ ತಮ್ಮ ಪಾಲಿಸ್ತಿದಾನೆ, ನೋಡು.'

ನೋಡಿದೆ. ಮನೆಗೆ ಬಂದು ಕೊಂಬೆ ಕಡಿದು ಸುಟ್ಟೆ. ಕೈ ಸಾಬೂನಿನಲ್ಲಿ ತೊಳೆದರೂ ಒದ್ದೆ ಚೀಲದ ವಾಸನೆ ಹೋಗಲಿಲ್ಲ. ಮೂರರಲ್ಲಿ ಒಂದು ಪಾಲು ಗಿಡ ಹೋಯಿತು. ಆಮೇಲೆ ಗಾಡಿಯ ಚಕ್ರಕ್ಕೆ ಒರಗಿ ಕೂತು ಅತ್ತೆ.

ಒಂದು ಸಾಲು, ಪನ್. 'ಅಕ್ಕ, ನಾನು ಇಂಥದ್ದನ್ನು ಹೇಳುವ ಹಾಗಿಲ್ಲ, ಬೇರೆ ಯಾರನ್ನಾದರೂ ಕೇಳು' ಎಂದು ಒಂದು ಸಾಲು ಬರೆಯಲು ಏನಾಗಿತ್ತು ನಿನಗೆ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದು, ಅದರ ಜೊತೆಗೆ ನನ್ನ ಆತುರಕ್ಕೆ ಪ್ರವಚನ ಬೇರೆ! ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಅನ್ನದ ಬುಟ್ಟಿಯ ಕಥೆ ಹೇಳುತ್ತೀಯಾ? ಹನ್ನೊಂದು ದಿನದಿಂದ ಅಂಗಡಿ ತೆರೆದಿಲ್ಲ ನಾನು, ಅಪ್ಪನ

ಮೇಲಿನ ಸಾಲು ಹೊಡೆದುಹಾಕಿದ್ದೇನೆ, ಓದಬೇಡಿ. ಗಾಡಿಯ ಮೇಲೆ ಗಿಡ ಇರುವುದರಿಂದ ಅಂಗಡಿ ಇಲ್ಲ, ಅಷ್ಟೇ. ಅಪ್ಪ ಚೆನ್ನಾಗಿದ್ದಾನೆ.

ಏಕವಚನಕ್ಕೆ ಕ್ಷಮೆ ಇರಲಿ. ಎಣಿಸಿ ಎಷ್ಟು ಸಲ ಬಂದಿದೆಯೋ ಅಷ್ಟು ಸಲ ಹಣೆ ನೆಲಕ್ಕೆ ಮುಟ್ಟಿಸುತ್ತೇನೆ. ಕೊಯ್ಲು ಯಾವಾಗ?

ಬುವಾಲೈ


ಬೆಟ್ಟದ ವಿಹಾರ
ಅಕ್ಟೋಬರ್ 3

ಅಕ್ಕ,

ತಪ್ಪು ನನ್ನದು. ಪುಸ್ತಕ ಬರೆಯುವಾಗ ಈ ನಿಯಮ ನನಗೇ ಗೊತ್ತಿರಲಿಲ್ಲ. ಕೊಯ್ಲಿನ ವಿಷಯ ಆಮೇಲೆ ಬರೆದರಾಯಿತು ಎಂದುಕೊಂಡು ಬೆಟ್ಟ ಹತ್ತಿದೆ. ಬಂದ ಒಂಬತ್ತನೆಯ ದಿನ ಗುರುಗಳು ಪಾಠ ಹೇಳುವಾಗ, ಗಿಡವೂ ಒಂದು ಜೀವದ ಮನೆ, ಅದನ್ನು ಕಡಿಯುವುದೂ ಕಡಿಸುವುದೂ ಇಲ್ಲ ಎಂದರು. ನಿಮಗೆ ಹೇಳಿದರೆ ಗಾಬರಿಯಾಗುತ್ತೀರಿ, ಅಪ್ಪನಿಗೆ ಹೇಳುತ್ತೀರಿ, ತನ್ನಿಂದಾಗಿ ಮಗ ಸಿಕ್ಕಿಬಿದ್ದ ಎಂದು ಅಪ್ಪ ಕೊರಗುತ್ತಾನೆ ಎಂದು ಮುಚ್ಚಿಟ್ಟೆ. ಹೇಳಲು ಅನುಮತಿಯಿರುವ ಮಾತುಗಳಲ್ಲೇ ಹೇಗೋ ದಾಟಿಸಬಹುದು ಎಂದುಕೊಂಡೆ. ಜಾಣತನ ಮಾಡಲು ಹೋಗಿ ಗಿಡ ಕಳೆದೆ.

ಈಗ ನನ್ನ ಸರದಿ. ಹೊಡೆದುಹಾಕಿದ ಸಾಲನ್ನು ಬಿಸಿಲಿಗೆ ಹಿಡಿದು ಓದಿದ್ದೇನೆ. ಹನ್ನೊಂದು ದಿನ. ಗಾಡಿ ಇಲ್ಲದಿದ್ದರೆ ಅಂಗಡಿ ಇಲ್ಲ ಎಂದು ಯಾರಿಗೆ ಹೇಳುತ್ತೀರಿ? ಗಾಡಿ ಕೊಳ್ಳುವ ಮೊದಲು ನಾಲ್ಕು ವರ್ಷ ನೆಲದ ಮೇಲೆ ಚಾಪೆ ಹಾಸಿ ಮಾರಿದವರು ನೀವು. ಅಮ್ಮ ತೀರಿಕೊಂಡಾಗ ಮೂರೇ ದಿನ ಅಂಗಡಿ ಮುಚ್ಚಿದ್ದು.

ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಮೊದಲನೆಯದರಲ್ಲಿ ಎಣ್ಣೆ ಅರ್ಧಕ್ಕಿಂತ ಹೆಚ್ಚಿದೆ ಎಂದಿದೆ. ಎರಡನೆಯದರಲ್ಲಿ ಬರೀ ಇದೆ. ಮೂರನೆಯದರಲ್ಲಿ ಎಣ್ಣೆಯ ಹೆಸರೇ ಇಲ್ಲ. ಅಪ್ಪನ ನಿದ್ದೆಯ ಬಗ್ಗೆ ಪ್ರತಿ ಸಲ ಬರೆಯಿರಿ ಎಂದಿದ್ದೆ, ಒಂದು ಸಲವೂ ಬರೆದಿಲ್ಲ. ಕೊಯ್ಲು ಯಾವಾಗ ಎಂದು ನೀವು ಕೇಳುತ್ತಲೇ ಇದ್ದೀರಿ, ನಾನು ಅದನ್ನು ಆತುರ ಎಂದೆ.

ಅಪ್ಪ ಈಗ ಎಷ್ಟು ಹನಿ ತೆಗೆದುಕೊಳ್ಳುತ್ತಾನೆ? ಬಾಟಲಿಯಲ್ಲಿ ಎಷ್ಟಿದೆ? ನಿಜ ಹೇಳಿ. ತಂದೆ ತಾಯಿಗೆ ಕಾಯಿಲೆಯಾದರೆ ಮಳೆಗಾಲದಲ್ಲೂ ಏಳು ದಿನ ಹೋಗಿ ಬರಲು ನಮಗೆ ಅನುಮತಿ ಇದೆ. ವ್ರತ ಕೆಡುವುದಿಲ್ಲ. ನೀವು ಒಂದು ಮಾತು ಬರೆದರೆ ಹೊರಡುತ್ತೇನೆ.

ಪನ್


ನೊಂಗ್ ಸಿಂ
ಅಕ್ಟೋಬರ್ 8

ಪೂಜ್ಯ ಭಿಕ್ಷುಗಳಿಗೆ. ಇದು ಅಪ್ಪ ಹೇಳಿ ಬರೆಸುತ್ತಿರುವ ಪತ್ರ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

'ಬರ್ಕೋ. ಮಗನೇ, ಅಲ್ಲ, ಏನಂತಾರೆ, ಪೂಜ್ಯರೇ. ನಾನು ಗಟ್ಟಿಮುಟ್ಟಾಗಿದೀನಿ. ನಿನ್ನೆ ನದಿ ತನಕ ನಡ್ಕೊಂಡು ಹೋಗಿ ಬಂದೆ. ಬುವಾಲೈಗೆ ಸುಮ್ಸುಮ್ನೆ ಅಳೋ ಕಾಯಿಲೆ, ಅವಳ ಮಾತು ಕಿವಿಗೆ ಹಾಕ್ಕೋಬೇಡ. ನಿನ್ನ ತಲೆ ಬೋಳಿಸೋವಾಗ ಮೊದಲ ಕೂದಲು ಕತ್ತರಿಸಿದ್ದು ನಾನು. ಮೂರು ತಿಂಗಳು ಪೂರ್ತಿ ಕೂತು, ಒಂದು ದೋಷ ಇಲ್ಲದೆ ಬಾ. ಆ ಕಾವಿ ಸೆರಗು ಹಿಡ್ಕೊಂಡು ನಾನು ಮೇಲಕ್ಕೆ ಹೋಗೋನು. ತೂತು ಬಿದ್ದ ಸೆರಗು ಹಿಡ್ಕೊಂಡು ಹೋಗೋಕಾಗುತ್ತೇನೋ? ಈಗ ಬಂದ್ರೆ ಬಾಗಿಲು ತೆಗೆಯಲ್ಲ. ಬರ್ದೆಯಾ? ಓದು, ನೋಡೋಣ.'

ಓದಿ ಹೇಳಿದೆ. 'ಸರಿಯಾಗಿದೆ, ಮಡಚು' ಎಂದ.

ಅಪ್ಪನಿಗೆ ಓದಲು ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಆದ್ದರಿಂದ ಮಡಚುವ ಮೊದಲು ಕೆಳಗೆ ಬರೆಯುತ್ತಿದ್ದೇನೆ.

ನದಿ ತನಕ ಹೋಗಿಲ್ಲ. ಜಗಲಿಯ ತನಕವೂ ಹೋಗುವುದಿಲ್ಲ. ಮೂರು ಹನಿ ಆಗಸ್ಟ್ ಕೊನೆಗೇ ಸಾಲದೆ ಬಂತು. ಆರಾಯಿತು, ಒಂಬತ್ತಾಯಿತು. ಸೆಪ್ಟೆಂಬರ್ 21ಕ್ಕೆ ಬಾಟಲಿ ಖಾಲಿ. ಬಾಟಲಿ ಕತ್ತರಿಸಿ ಒಳಗೆ ಬೆರಳಾಡಿಸಿ ನೆಕ್ಕಿಸಿದೆ. ಆಸ್ಪತ್ರೆಯ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಿಯೇನ್ ತಾತ ಮೂರು ಊರು ತಿರುಗಿದ. ಈ ಮಳೆಗೆ ಎಲ್ಲರ ಗಿಡವೂ ಕೊಳೆತಿವೆ, ಪೇಟೆಯಲ್ಲಿ ಸಿಗುವ ಎಣ್ಣೆಯನ್ನು ಅವನು ನಂಬುವುದಿಲ್ಲ. ಅಪ್ಪ ಮಲಗಲಾರ. ಕಂಬಕ್ಕೆ ದಿಂಬು ಕಟ್ಟಿದ್ದೇನೆ, ಅದಕ್ಕೆ ಹಣೆ ಒತ್ತಿಕೊಂಡು ಕೂತೇ ಇರುತ್ತಾನೆ. ಕೂಗುವುದಿಲ್ಲ. ಹಲ್ಲು ಕಡಿಯುವ ಸದ್ದು ಮಾತ್ರ. ನಿಮಗೆ ಹೇಳಕೂಡದು ಎಂದು ಬುದ್ಧನ ಮೂರ್ತಿಯ ಮುಂದೆ ನನ್ನಿಂದ ಆಣೆ ಹಾಕಿಸಿದ್ದಾನೆ. ಆಣೆ ಮುರಿದೆ. ಆಗಲಿ.

ಗಿಡದ ಕೂದಲು ಅರ್ಧ ಬಿಳಿ, ಅರ್ಧ ಕಂದು. ಇನ್ನೆರಡು ವಾರ ಕಾಯಬೇಕು ಎಂಬುದು ನಿಮ್ಮ ಲೆಕ್ಕ. ಆದರೆ ಮತ್ತೆ ಮಳೆ ಹಿಡಿದಿದೆ, ನಿನ್ನೆ ಬುಡದಲ್ಲಿ ಇನ್ನೊಂದು ಬೂದಿ ಗೊಂಚಲು ಸಿಕ್ಕಿತು. ಕಾದರೆ ಕೊಳೆಯುತ್ತದೆ. ಈಗಲೇ ಕೊಯ್ದರೆ ಬಲವಿಲ್ಲದ ಎಣ್ಣೆ. ಇನ್ನೊಂದು ಗಿಡ ಇಲ್ಲ. ಕತ್ತರಿ ಹಿಡಿದುಕೊಂಡು ಹೋಗುತ್ತೇನೆ, ಕೊಂಬೆಗೆ ತಾಗಿಸುತ್ತೇನೆ, ವಾಪಸು ಬರುತ್ತೇನೆ. ದಿನಕ್ಕೆ ಮೂರು ಸಲ ಹೀಗೆ.

ನಿಮ್ಮನ್ನು ಕೇಳುವುದು ಪಾಪ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಏನು ಮಾಡಲಿ?

ಬುವಾಲೈ


ಬೆಟ್ಟದ ವಿಹಾರ
ಅಕ್ಟೋಬರ್ 13

ಅಕ್ಕ,

ಕೊಯ್ಯಿ. ಈ ಪತ್ರ ಕೈಗೆ ಬಂದ ಕೂಡಲೇ ಕೊಯ್ಯಿ.

ಬುಡದಿಂದ ಬೇಡ, ಕೊಂಬೆ ಕೊಂಬೆಯಾಗಿ ಕತ್ತರಿಸು. ಬೂದಿ ಹತ್ತಿದ ಕಡೆಯಿಂದ ಒಂದು ಗೇಣು ಕೆಳಗೆ ಕತ್ತರಿಸಿ ಬಿಸಾಡು. ಅದಕ್ಕೆ ಬೇರೆ ಕತ್ತರಿ, ಒಳ್ಳೆಯದಕ್ಕೆ ಬೇರೆ ಕತ್ತರಿ. ದೊಡ್ಡ ಎಲೆ ತೆಗೆದು, ಕತ್ತಲಿರುವ ಕೋಣೆಯಲ್ಲಿ, ಗಾಳಿ ಆಡುವ ಹಾಗೆ ತಲೆಕೆಳಗಾಗಿ ನೇತುಹಾಕು. ಕಡ್ಡಿ ಬಾಗಿಸಿದರೆ ಪಟ್ಟೆಂದು ಮುರಿಯಬೇಕು, ಆಗ ಖಿಯೇನ್ ತಾತನಿಗೆ ಕೊಡು. ಅರ್ಧ ಬಲವಾದರೂ ಬಲವೇ. ಹನಿ ಹೆಚ್ಚಿಸಿದರಾಯಿತು. ಕಾಯಬೇಡ.

ಇದನ್ನು ಬರೆಯುವ ಮೊದಲು ಗುರುಗಳ ಹತ್ತಿರ ಹೋಗಿದ್ದೆ. 'ಒಂದು ದೋಷ ಮಾಡಲು ಹೊರಟಿದ್ದೇನೆ, ಮೊದಲೇ ಒಪ್ಪಿಕೊಂಡುಬಿಡಲೇ?' ಎಂದು ಕೇಳಿದೆ. ಅವರು ಹೇಳಿದರು: 'ಮಾಡದೇ ಇರೋದನ್ನ ಹೇಗಯ್ಯಾ ಒಪ್ಕೋತೀಯಾ? ಹೋಗಿ ಬರಿ. ಬರೆದು ಬಾ, ಕೇಳಿಸ್ಕೋತೀನಿ.' ನಂತರ, ನಾನು ಮೆಟ್ಟಿಲು ಇಳಿಯುವಾಗ, 'ಅಕ್ಷರ ಬಿಡಿಸಿ ಬರಿ, ಅರ್ಥವಾಗೋ ಹಾಗೆ' ಎಂದರು.

ನಾನು ಹೊರಟಿದ್ದೇನೆ. ಆದರೆ ತೊರೆ ಉಕ್ಕಿ ದಾರಿ ಮುಚ್ಚಿದೆ, ಪಾರುಪತ್ಯಗಾರರ ಗಾಡಿ ಆಚೆ ದಡದಲ್ಲಿದೆ. ನಾವು ದುಡ್ಡು ಮುಟ್ಟುವ ಹಾಗಿಲ್ಲ, ಟಿಕೆಟ್ ಕೊಳ್ಳಲು, ಜೊತೆಗೆ ಬರಲು ಒಬ್ಬರು ಬೇಕು. ಹಗ್ಗ ಹಿಡಿದು ತೊರೆ ದಾಟಬಲ್ಲವನು ಒಬ್ಬ ಸಿಕ್ಕಿದ್ದಾನೆ, ಅವನ ಕೈಯಲ್ಲಿ ಈ ಪತ್ರ ಮೊದಲು ಕಳಿಸುತ್ತಿದ್ದೇನೆ. ನೀರು ಇಳಿದ ದಿನ ನಾನು ದಾಟುತ್ತೇನೆ. 20ರ ಹೊತ್ತಿಗೆ ಊರ ವಿಹಾರದಲ್ಲಿರುತ್ತೇನೆ.

ಅಪ್ಪ ಬಾಗಿಲು ತೆಗೆಯದಿದ್ದರೆ ಹೊರಗೇ ಕೂರುತ್ತೇನೆ.

ಹಲ್ಲು ಕಡಿಯುವ ಸದ್ದು ಎಂದು ಬರೆದಿದ್ದೀಯ. ಇಲ್ಲಿ ಕಣ್ಣು ಮುಚ್ಚಿ ಕೂತರೆ ನನಗೆ ಅದೊಂದೇ ಕೇಳಿಸುತ್ತಿದೆ.

ನಿನ್ನ ಪನ್


ನೊಂಗ್ ಸಿಂ
ಅಕ್ಟೋಬರ್ 19

ಪೂಜ್ಯ ಭಿಕ್ಷುಗಳಿಗೆ ಅಕ್ಕನ ನಮಸ್ಕಾರ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಊರ ವಿಹಾರದ ಮುದಿ ಭಿಕ್ಷುಗಳ ಕೈಗೆ ಕೊಟ್ಟು ಬರುತ್ತೇನೆ. ಮನೆಗೆ ಬರುವ ಮೊದಲು ಇದನ್ನು ಪೂರ್ತಿ ಓದಿ.

ಗಿಡ ಕೊಯ್ದಾಯಿತು. 12ನೆಯ ತಾರೀಕಿಗೇ. ನಾನು ಕೊಯ್ದದ್ದಲ್ಲ.

ಅಂದು ಬೆಳಗ್ಗೆ ಮಳೆ ತುಸು ಬಿಟ್ಟಿತ್ತು. ನಾನು ಇದ್ದಿಲು ತರಲು ಹೋಗಿದ್ದೆ. ಬಂದು ನೋಡಿದರೆ ಕಂಬದ ಹತ್ತಿರ ಅಪ್ಪ ಇಲ್ಲ. ಹಿಂದುಗಡೆ ಓಡಿದೆ. ಗಾಡಿಯ ಪಕ್ಕದಲ್ಲಿ ಕೆಸರಿನಲ್ಲಿ ಕೂತಿದ್ದಾನೆ, ಕೈಯಲ್ಲಿ ಅಡಿಕೆ ಕತ್ತರಿ, ಮಡಿಲ ತುಂಬ ಹೂವಿನ ಕೊಂಬೆ. ಅಲ್ಲಿಯವರೆಗೆ ತೆವಳಿಕೊಂಡೇ ಹೋಗಿರಬೇಕು, ಮೊಣಕಾಲು ತರಚಿತ್ತು. ನಾನು ಕಿರುಚಿದೆ. ಅಪ್ಪ ಉಸಿರು ಹಿಡಿದು ಹಿಡಿದು ಹೇಳಿದ:

'ಕೂಗ್ಬೇಡ. ಅವನು ಹೇಳಿದ್ರೆ ಅವನಿಗೆ ದೋಷ. ನಿಂಗೆ ಕೊಯ್ಯೋಕೆ ಕೈ ಬರಲ್ಲ. ನೀವಿಬ್ರೂ ಪತ್ರ ಬರ್ಕೊಂಡು ಕೂತಿರೋದ್ರಲ್ಲಿ ಗಿಡ ಕೊಳ್ತುಹೋಗುತ್ತೆ. ನಾನೇ ಕೊಯ್ದೆ. ಈಗ ಯಾರಿಗೂ ಏನೂ ಇಲ್ಲ. ಹುಡುಗ ಬಾಯಿ ಬಿಡೋ ಮೊದಲೇ ಮುಗೀತು, ಅವನಿಗೆ ಬರ್ದುಬಿಡು.'

ಬರೆಯಬೇಕಿತ್ತು. ಒಣಗಿಸುವ ಗಡಿಬಿಡಿಯಲ್ಲಿ, ಖಿಯೇನ್ ತಾತನ ಮನೆಗೆ ಓಡಾಡುವುದರಲ್ಲಿ ಆಗಲಿಲ್ಲ. ಬರೆದಿದ್ದರೂ ನಿಮ್ಮದು ಮರುದಿನವೇ ಹೊರಟಾಗಿತ್ತಲ್ಲ.

ನಿನ್ನೆ ಎಣ್ಣೆ ಬಂತು. ತೆಳ್ಳಗಿದೆ, ಬಣ್ಣ ಹಸಿರು, ಹೋದ ವರ್ಷದ ಹಾಗೆ ಕಪ್ಪಗಿಲ್ಲ. 'ಅರ್ಧ ಬಲ' ಎಂದ ತಾತ. ನಿಮ್ಮ ಪತ್ರವೂ ನಿನ್ನೆಯೇ ಬಂತು. ಜಗಲಿಯಲ್ಲಿ ನಿಂತು ಮೊದಲ ಸಾಲು ಓದಿದೆ. ಅಲ್ಲೇ ಕೂತು ಪೂರ್ತಿ ಓದಿದೆ.

ಅಪ್ಪ ಒಳಗಿನಿಂದ ಕೇಳಿದ, 'ಹುಡುಗನದ್ದಾ? ಓದು.'

ಓದಿದೆ. ಅದರಲ್ಲಿ ಇಲ್ಲದ್ದನ್ನು ಓದಿದೆ. ಬೆಟ್ಟದಲ್ಲಿ ಚಳಿ ಶುರುವಾಗಿದೆ, ಭಿಕ್ಷೆಗೆ ಒಳ್ಳೆಯ ಬಾಳೆಹಣ್ಣು ಸಿಕ್ಕಿತು, ಗುರುಗಳು ಅಪ್ಪನ ಆರೋಗ್ಯ ಕೇಳಿದರು, ಅನುಮತಿ ಕೊಟ್ಟು ಏಳು ದಿನಕ್ಕೆ ಕಳಿಸುತ್ತಿದ್ದಾರೆ, ಇದರಿಂದ ವ್ರತ ಕೆಡುವುದಿಲ್ಲವಂತೆ. ನನ್ನ ಬಾಯಿಗೆ ಅಷ್ಟೆಲ್ಲ ಎಲ್ಲಿಂದ ಬಂತೋ.

'ಗಿಡದ ವಿಷಯ?'

'ಏನೂ ಇಲ್ಲ.'

'ನೀನು ಕದ್ದು ಬರೆದಿದ್ದೆ, ನಂಗೊತ್ತು. ಮಡಚೋಕೆ ಅಷ್ಟು ಹೊತ್ತು ಬೇಕೇನೆ? ನೀನು ಅಷ್ಟು ಕೇಳಿದ್ರೂ ಕೊಯ್ಯಿ ಅಂತ ಅವನು ಬರೆದಿಲ್ವಾ?'

'ಇಲ್ಲ ಅಪ್ಪ.'

ಅಪ್ಪನ ಮುಖ ನೀವು ನೋಡಬೇಕಿತ್ತು. ಒಂದು ತಿಂಗಳಿಂದ ಆ ಮುಖದಲ್ಲಿ ನೋವು ಬಿಟ್ಟು ಬೇರೇನನ್ನೂ ನಾನು ಕಂಡಿರಲಿಲ್ಲ. 'ನೋಡಿದ್ಯಾ,' ಎಂದ. 'ಅಪ್ಪನಿಗೆ ಹೀಗಾಗಿದೆ ಅಂತ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಅದಪ್ಪಾ ಭಿಕ್ಷು ಅಂದ್ರೆ.' ಕಣ್ಣಲ್ಲಿ ನೀರು. ನಾನು ಹತ್ತು ಹನಿ ನಾಲಿಗೆ ಕೆಳಗೆ ಬಿಟ್ಟೆ. ಮುಸ್ಸಂಜೆಯ ಹೊತ್ತಿಗೆ ಕಂಬ ಬಿಟ್ಟು ಪಕ್ಕಕ್ಕೆ ಒರಗಿದ. ಮಲಗಿದ. ನಿಜವಾಗಿ ಮಲಗಿದ, ಕಾಲು ಚಾಚಿ.

ಈಗ ಬೆಳಗಿನ ಒಂಬತ್ತು ಗಂಟೆ. ಇನ್ನೂ ಎದ್ದಿಲ್ಲ. ಹೆದರಿಕೆಯಾಗಿ ನಾಲ್ಕು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದೇನೆ. ಬಿಸಿಯುಸಿರು ಬರುತ್ತಿದೆ. ಎಷ್ಟು ದಿನಕ್ಕೆ ಸಾಕಾಗುವ ಎಣ್ಣೆ, ಅಪ್ಪ ಎಷ್ಟು ದಿನ, ಇದನ್ನು ನಾನು ಎಣಿಸುತ್ತಿಲ್ಲ. ನೀವೂ ಎಣಿಸಬೇಡಿ.

ನಾಳೆ ನೀವು ಬಂದಾಗ ಅಪ್ಪ ಬಾಗಿಲು ತೆಗೆಸುತ್ತಾನೆ, ಕೋಪವೆಲ್ಲ ಇಳಿದಿದೆ. ಆದರೆ 'ಕೊಯ್ಯಿ ಅಂತ ನೀನು ಬರೀಲಿಲ್ಲ, ಅಲ್ವಾ?' ಎಂದು ಕೇಳಿಯೇ ಕೇಳುತ್ತಾನೆ. ಸೀಡಾ ಚಿಕ್ಕಮ್ಮನನ್ನೂ ಕೂರಿಸಿಕೊಂಡು, ಅವಳ ಮುಂದೆ ನಿಮ್ಮ ಬಾಯಿಂದಲೇ ಕೇಳಬೇಕೆಂದು ಕೇಳುತ್ತಾನೆ. ನೀವು ಸುಳ್ಳು ಹೇಳುವ ಹಾಗಿಲ್ಲ, ಗೊತ್ತು. ನನಗೂ ಐದು ಶೀಲ ಇವೆ, ನಾನೂ ಹೇಳುವ ಹಾಗಿಲ್ಲ. ಆದರೆ ನಾನು ಒಂದು ಹೇಳಿಯಾಗಿದೆ. ಎರಡನೆಯದು ಅಷ್ಟು ಭಾರ ಇರುವುದಿಲ್ಲ.

ನೀವು ಅಪ್ಪನ ಪಕ್ಕದಲ್ಲಿ ಕೂತುಕೊಳ್ಳಿ. ಅವನು ಕೇಳಿದಾಗ ತಲೆ ತಗ್ಗಿಸಿ ಸುಮ್ಮನಿರಿ. ಉತ್ತರ ನಾನು ಹೇಳುತ್ತೇನೆ.

ಅಕ್ಕ ಬುವಾಲೈ